ಮಾದಕ ದ್ರವ್ಯ ಸಾಗಾಣಿಕೆಯ ಆರೋಪ: ಆಪಾದಿತರ ಹಕ್ಕುಗಳು ಮತ್ತು ಉಚಿತ ಕಾನೂನು ನೆರವು

ಮಾದಕ ದ್ರವ್ಯಗಳ ಸಾಗಾಣಿಕೆಯು ಗಂಭೀರ ಅಪರಾಧವಾಗಿದೆ. ಆದರೆ ಆರೋಪವೇ ಅಪರಾಧದ ರುಜುವಾತಲ್ಲ. ಬೇರೆಯವರು ಕೊಟ್ಟ ಗಂಟನ್ನು ಬಸ್ಸಿನಲ್ಲಿ ಒಯ್ದವರು, ಸರಕಿನಲ್ಲಿ ಏನಿದೆಯೆಂದು ಅರಿಯದ ಲಾರಿ ಚಾಲಕರು, ಸ್ನೇಹಿತರ ಕೊಠಡಿಯಲ್ಲಿ ತಂಗಿದ್ದ ವಿದ್ಯಾರ್ಥಿಗಳು ಸಹ ಆಪಾದಿತರಾಗುವುದುಂಟು. ಇಂತಹವರಿಗೂ ಅವರ ಕುಟುಂಬದವರಿಗೂ ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅನ್ವಯವಾಗುವ ಕಾನೂನು

ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕ ವಸ್ತುಗಳ ಅಧಿನಿಯಮ, 1985 (ಎನ್.ಡಿ.ಪಿ.ಎಸ್. ಕಾಯ್ದೆ) ಕೇಂದ್ರದ ಕಾನೂನು. ಕರ್ನಾಟಕದಲ್ಲಿ ರಾಜ್ಯ ಪೊಲೀಸರು ಮತ್ತು ಅಬಕಾರಿ ಇಲಾಖೆಯವರು ಸಹ ಇದರಡಿ ಪ್ರಕರಣ ದಾಖಲಿಸುತ್ತಾರೆ.

2. ಪ್ರಮಾಣ ಮತ್ತು ಶಿಕ್ಷೆ

ಶಿಕ್ಷೆಯು ವಶಪಡಿಸಿಕೊಂಡ ದ್ರವ್ಯದ ಪ್ರಮಾಣವನ್ನು ಅವಲಂಬಿಸಿರುತ್ತದೆ.

ಅ) ಅಲ್ಪ ಪ್ರಮಾಣ (ಗಾಂಜಾ 1 ಕಿ.ಗ್ರಾಂ, ಹೆರಾಯಿನ್ 5 ಗ್ರಾಂವರೆಗೆ): 1 ವರ್ಷದವರೆಗೆ ಕಠಿಣ ಕಾರಾಗೃಹವಾಸ ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ.
ಆ) ಮಧ್ಯಮ ಪ್ರಮಾಣ: 10 ವರ್ಷಗಳವರೆಗೆ ಕಠಿಣ ಕಾರಾಗೃಹವಾಸ ಮತ್ತು 1 ಲಕ್ಷ ರೂ.ವರೆಗೆ ದಂಡ.
ಇ) ವಾಣಿಜ್ಯ ಪ್ರಮಾಣ (ಗಾಂಜಾ 20 ಕಿ.ಗ್ರಾಂ, ಹೆರಾಯಿನ್ 250 ಗ್ರಾಂ ಮೀರಿದಲ್ಲಿ): ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಕಾರಾಗೃಹವಾಸ ಹಾಗೂ ಕನಿಷ್ಠ 1 ಲಕ್ಷ ರೂ. ದಂಡ.

ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳಿಲ್ಲದ ಬೀಜ ಮತ್ತು ಎಲೆಗಳು ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ಆದುದರಿಂದ ಯಾವುದನ್ನು ಹೇಗೆ ತೂಕ ಮಾಡಲಾಯಿತು ಎಂಬುದು ಪ್ರಕರಣದ ಗತಿಯನ್ನೇ ಬದಲಿಸಬಲ್ಲದು. ಗಿಡ ಬೆಳೆಯುವುದು ಪ್ರತ್ಯೇಕ ಅಪರಾಧವಾಗಿದ್ದು, ಅದಕ್ಕೆ 10 ವರ್ಷಗಳವರೆಗೆ ಶಿಕ್ಷೆಯಿದೆ.

3. ಶೋಧನೆ ಮತ್ತು ದಸ್ತಗಿರಿ

* ಮೈ ಶೋಧನೆಗೆ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮ ಶೋಧನೆ ನಡೆಸುವಂತೆ ಕೋರುವ ಹಕ್ಕು ಇದೆಯೆಂದು ತಿಳಿಸತಕ್ಕದ್ದು (ಕಲಂ 50). ಕೈಚೀಲ ಅಥವಾ ವಾಹನದ ಶೋಧನೆಗೆ ಇದು ಅನ್ವಯಿಸುವುದಿಲ್ಲ.
* ಮಹಿಳೆಯ ಮೈ ಶೋಧನೆಯನ್ನು ಮಹಿಳೆಯೇ ನಡೆಸತಕ್ಕದ್ದು.
* ದಸ್ತಗಿರಿಯ ಕಾರಣವನ್ನು ತಿಳಿಸಿ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು.
* ಓದದೆ ಅಥವಾ ಓದಿಸಿ ಕೇಳದೆ ಯಾವುದೇ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಈ ಕಾಯ್ದೆಯಡಿ ಅಧಿಕಾರ ಪಡೆದ ಅಧಿಕಾರಿಗಳ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ತೀರ್ಪು ನೀಡಿದೆ.

4. ಜಾಮೀನು

ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ಜಾಮೀನು ಸುಲಭವಲ್ಲ. ಸರ್ಕಾರಿ ಅಭಿಯೋಜಕರು ವಿರೋಧಿಸಿದಲ್ಲಿ, ಆಪಾದಿತನು ತಪ್ಪಿತಸ್ಥನಲ್ಲವೆಂದೂ ಬಿಡುಗಡೆಯಾದರೆ ಅಪರಾಧವೆಸಗುವ ಸಂಭವವಿಲ್ಲವೆಂದೂ ನಂಬಲು ಸಮಂಜಸ ಕಾರಣಗಳಿವೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು (ಕಲಂ 37). ಇಂತಹ ಪ್ರಕರಣಗಳಲ್ಲಿ ತನಿಖೆಗೆ 180 ದಿನಗಳ ಅವಧಿಯಿದ್ದು, ನ್ಯಾಯಾಲಯವು ಅದನ್ನು 1 ವರ್ಷದವರೆಗೆ ವಿಸ್ತರಿಸಬಹುದು. ಅವಧಿಯೊಳಗೆ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗದಿದ್ದಲ್ಲಿ ಜಾಮೀನು ಆಪಾದಿತನ ಹಕ್ಕಾಗುತ್ತದೆ. ಆದರೆ ಅದು ತಾನಾಗಿ ದೊರೆಯುವುದಿಲ್ಲ. ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಸಲ್ಲಿಸಬೇಕು.

5. ಪ್ರತಿರಕ್ಷೆಯ ಆಧಾರಗಳು

ದ್ರವ್ಯವು ಆಪಾದಿತನ ವಶದಲ್ಲಿತ್ತೆಂದು ರುಜುವಾತಾದರೆ, ಅದು ಅವನ ಅರಿವಿನಲ್ಲಿತ್ತೆಂದು ಕಾನೂನು ಭಾವಿಸುತ್ತದೆ (ಕಲಂ 35 ಮತ್ತು 54). ಇದನ್ನು ಅಲ್ಲಗಳೆಯುವ ಹೊಣೆ ಆಪಾದಿತನದು. ಆದರೆ ವಶದಲ್ಲಿತ್ತೆಂಬ ಮೂಲ ಸಂಗತಿಯನ್ನು ಮೊದಲು ಸರ್ಕಾರವೇ ರುಜುವಾತುಪಡಿಸಬೇಕೆಂದು 2008ರ ನೂರ್ ಆಗಾ ಪ್ರಕರಣದಲ್ಲಿ ಸ್ಪಷ್ಟಪಡಿಸಲಾಗಿದೆ. ಆದುದರಿಂದ ಬಸ್ ಟಿಕೆಟ್, ಸರಕಿನ ರಸೀದಿ, ಬಾಡಿಗೆ ಕರಾರು, ದೂರವಾಣಿ ಕರೆಗಳ ವಿವರಗಳನ್ನು ಕುಟುಂಬದವರು ಜೋಪಾನವಾಗಿರಿಸಿ ವಕೀಲರಿಗೆ ಒಪ್ಪಿಸಬೇಕು.

ವಶಪಡಿಸಿಕೊಂಡ ದ್ರವ್ಯದ ಮಾದರಿಗಳನ್ನು ಮ್ಯಾಜಿಸ್ಟ್ರೇಟರ ಸಮಕ್ಷಮ ತೆಗೆದು ದೃಢೀಕರಿಸಬೇಕು (ಕಲಂ 52ಎ). ಮಹಜರಿನಲ್ಲಿರುವ ತೂಕ, ಮೊಹರು ಮತ್ತು ಪ್ರಯೋಗಾಲಯದ ವರದಿ ಪರಸ್ಪರ ತಾಳೆಯಾಗುತ್ತವೆಯೇ ಎಂಬುದನ್ನು ವಕೀಲರು ಪರಿಶೀಲಿಸುವರು. ಪ್ರತಿಯೊಂದು ಲೋಪದಿಂದಲೂ ಬಿಡುಗಡೆ ದೊರೆಯುವುದೆಂದು ಭಾವಿಸತಕ್ಕದ್ದಲ್ಲ.

6. ವ್ಯಸನಿಗಳಿಗೆ ಅವಕಾಶ

ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದಲ್ಲಿ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು (ಕಲಂ 64ಎ). ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ವಿನಾಯಿತಿಯನ್ನು ಹಿಂಪಡೆಯಬಹುದು.

7. ಉಚಿತ ಕಾನೂನು ನೆರವು ಪಡೆಯುವ ಬಗೆ

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಮೇರೆಗೆ ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಸಲ್ಲಿಸಬಹುದು. ಬರೆಯಲು ಬಾರದವರು ಮೌಖಿಕವಾಗಿ ಕೋರಬಹುದು. ಕಾರಾಗೃಹದಲ್ಲಿರುವವರು ಅಧೀಕ್ಷಕರ ಮೂಲಕ ಅರ್ಜಿ ಕಳುಹಿಸಬಹುದು. ಸಹಾಯವಾಣಿ: 15100.

ಪ್ರಕರಣವನ್ನು ಮುಚ್ಚಿಸುವೆವೆಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.