ವ್ಯವಸಾಯ ವಿದ್ಯಾಭ್ಯಾಸಕ್ಕೆ ಪಾಡ್‌ಕಾಸ್ಟಿನ ಸಹಾಯ

ಒಕ್ಕಲುತನವನ್ನೇ ನಂಬಿದ ಮನೆಗಳ ಮಕ್ಕಳು ವ್ಯವಸಾಯ ಶಾಸ್ತ್ರವನ್ನು ಕಲಿತು ಊರಿಗೆ ಉಪಕಾರಿಗಳಾಗಬೇಕೆಂಬುದು ಸರ್ವರ ಅಪೇಕ್ಷೆ. ಆದರೆ ಎಷ್ಟೋ ಮಕ್ಕಳಿಗೆ ಈ ವಿದ್ಯೆಯು ತಪ್ಪಿಹೋಗುವುದು ಬುದ್ಧಿಯ ಕೊರತೆಯಿಂದಲ್ಲ, ಸಕಾಲದಲ್ಲಿ ತಿಳಿವಳಿಕೆಯು ದೊರೆಯದಿರುವುದರಿಂದ. ಬಿ.ಎಸ್‌ಸಿ. ಕೃಷಿ ಪದವಿಗೆ ಸೇರುವವರು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿರತಕ್ಕದ್ದು. ಹತ್ತನೆಯ ತರಗತಿ ಮುಗಿದೊಡನೆ ಬೇರೆ ವಿಷಯಗಳನ್ನು ಆರಿಸಿಕೊಂಡವನಿಗೆ ಎರಡು ವರ್ಷಗಳ ತರುವಾಯ ಈ ಸಂಗತಿಯು ತಿಳಿದರೆ, ಹದ ಮೀರಿದ ಮೇಲೆ ಬಿತ್ತನೆಯ ಬೀಜ ತಂದಂತಾಗುವುದು.

ತಿಳಿವಳಿಕೆಯನ್ನು ಮನೆಬಾಗಿಲಿಗೆ ಮುಟ್ಟಿಸಲು ವಿಶ್ವವಿದ್ಯಾನಿಲಯಗಳಿಗೆ ಒದಗಿರುವ ಸುಲಭ ಸಾಧನವೇ ಪಾಡ್‌ಕಾಸ್ಟ್. ಭಾಷಣ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಅಂತರಜಾಲದಲ್ಲಿ ಕಂತುಕಂತಾಗಿ ಒದಗಿಸುವ ಕ್ರಮಕ್ಕೆ ಈ ಹೆಸರು 2004ರಲ್ಲಿ ಬಂದಿತು. ರೇಡಿಯೋ ಪ್ರಸಾರವನ್ನು ಗೊತ್ತಾದ ಹೊತ್ತಿನಲ್ಲಿಯೇ ಕೇಳಬೇಕು. ಇದನ್ನಾದರೋ ಒಮ್ಮೆ ಮೊಬೈಲಿಗೆ ಇಳಿಸಿಕೊಂಡರೆ ಸಂಪರ್ಕವಿಲ್ಲದ ಹೊಲದಲ್ಲಿಯೂ ಬೇಕಾದಾಗ ಕೇಳಬಹುದು. ಓದುಬರಹವಿಲ್ಲದ ತಾಯಿತಂದೆಗಳೂ ಮಕ್ಕಳೊಡನೆ ಕುಳಿತು ಕೇಳಬಹುದೆಂಬುದೇ ಇದರ ಮುಖ್ಯ ಗುಣ.

ವಿದ್ವಾಂಸರ ಧ್ವನಿಯು ಮನೆಮನೆಗೆ ಬರುವುದು ನಮ್ಮ ನಾಡಿಗೆ ಹೊಸತಲ್ಲ. 1935ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಸಮುದಾಯ ಬಾನುಲಿಯನ್ನು ಸ್ಥಾಪಿಸಿತು. ಪಾಡ್‌ಕಾಸ್ಟ್ ಅದೇ ದಾರಿಯಲ್ಲಿ ಮುಂದಿನ ಹೆಜ್ಜೆ.

ಕಟ್ಟಡಗಳ ವೈಭವವನ್ನೂ ಪದಕಗಳ ಪಟ್ಟಿಯನ್ನೂ ಹೊಗಳುವ ಕಂತುಗಳಿಂದ ಪ್ರಯೋಜನವಿಲ್ಲ. ಹಳ್ಳಿಯಿಂದ ಹೋಗಿ ಓದುತ್ತಿರುವ ವಿದ್ಯಾರ್ಥಿನಿಯು ತನ್ನ ಊರ ಮಾತಿನಲ್ಲಿಯೇ ನಾಲ್ಕು ವರ್ಷಗಳ ವ್ಯಾಸಂಗ, ಶುಲ್ಕ, ವಸತಿ, ಮೊದಲ ವರ್ಷದ ಇಂಗ್ಲಿಷಿನ ತೊಡಕು ಇವನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ಜನರಿಗೆ ನಂಬಿಕೆ ಹುಟ್ಟುವುದು. ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳನ್ನು ಅರ್ಜಿಯಲ್ಲಿಯೇ ಕೋರಬೇಕೆಂಬುದನ್ನೂ, ಅದಕ್ಕೆ ಬೇಕಾದ ದಾಖಲೆಗಳನ್ನೂ ವಿವರಿಸತಕ್ಕದ್ದು. ಈ ಸ್ಥಾನಗಳಿಗೆ ಪ್ರಾಯೋಗಿಕ ಪರೀಕ್ಷೆಯುಂಟು. ಬೀಜ, ಉಪಕರಣ ಮುಂತಾದವನ್ನು ಗುರುತಿಸುವಲ್ಲಿ ಹೊಲದಲ್ಲಿ ದುಡಿದ ಮಕ್ಕಳಿಗೆ ಅನುಕೂಲ ಹೆಚ್ಚು. ನಿಯಮಗಳು ಬದಲಾಗುವುದರಿಂದ ಪ್ರತಿಯೊಂದು ಕಂತಿನಲ್ಲಿಯೂ ದಿನಾಂಕವನ್ನು ಹೇಳಬೇಕು. ಕೇಳುವವರೂ ಹಳೆಯ ಕಂತನ್ನೇ ನಂಬದೆ ಆಯಾ ವರ್ಷದ ಪ್ರಕಟಣೆಯನ್ನು ನೋಡಬೇಕು.

ಊರಿನ ಮುಖಂಡರೂ ಜಮೀನುದಾರರೂ ಇದಕ್ಕಾಗಿ ಹಣವನ್ನು ವೆಚ್ಚಮಾಡಬೇಕಾಗಿಲ್ಲ. ಇಂತಹ ಕಂತುಗಳು ದೊರೆತಾಗ ಹತ್ತನೆಯ ತರಗತಿಯ ಮಕ್ಕಳನ್ನೂ ಅವರ ಹಿರಿಯರನ್ನೂ ಚಾವಡಿಯಲ್ಲಿ ಒಂದು ಸಂಜೆ ಸೇರಿಸಿ ಕೇಳಿಸಿದರೆ ಸಾಕು. ಹೆಣ್ಣುಮಕ್ಕಳ ಓದನ್ನು ನಿರ್ಧರಿಸುವವರು ಮನೆಯ ಹಿರಿಯರಾದುದರಿಂದ ಅವರು ಕೇಳುವುದು ಮತ್ತಷ್ಟು ಅಗತ್ಯ. ಹದವರಿತು ಬಿತ್ತುವ ಒಕ್ಕಲಿಗನು ಮಕ್ಕಳ ವಿದ್ಯೆಯಲ್ಲಿಯೂ ಹದವನ್ನು ತಪ್ಪಿಸಬಾರದು.