ಗುಳಿಗೆಯ ಹೆಸರು, ರೋಗದ ಹೆಸರು

ಭಾಲ್ಕಿಯಲ್ಲಿರುವ ನನ್ನ ತಂಗಿ ಒಂದು ಸಂಜೆ ಬೀದರಿನ ನಮ್ಮ ಮನೆಗೆ ಬಂದವಳು, ಕುಳಿತುಕೊಳ್ಳುವ ಮೊದಲೇ ಚೀಲದಿಂದ ಗುಳಿಗೆಯ ಪಟ್ಟಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. “ಅಣ್ಣಾ, ಹುಡುಗಿಗಿ ಸಕ್ಕರಿ ರೋಗದ ಗುಳಿಗಿ ಕೊಟ್ಟಾರ. ಔರಾದದವರಿಗಿ ಗೊತ್ತಾದ್ರ ಏನ್ ಗತಿ?” ಎಂದಳು. ಔರಾದಿನ ಒಂದು ಮನೆತನದೊಡನೆ ಅವಳ ಮಗಳ ಸಂಬಂಧದ ಮಾತು ನಡೆದಿತ್ತು. ಔಷಧದ ಅಂಗಡಿಯವನು ನಾಲ್ಕು ಜನರೆದುರು, “ಇದು ಶುಗರಿನದು, ಯಾರಿಗೆ?” ಎಂದು ಕೇಳಿದ್ದನಂತೆ. ಅಂದಿನಿಂದ ತಾಯಿ ಮಗಳಿಗೆ ಗುಳಿಗೆ ಕೊಡುವುದನ್ನೇ ನಿಲ್ಲಿಸಿದ್ದಳು.

ನಾನು ವೈದ್ಯನಲ್ಲ, ಜೀವಮಾನವಿಡೀ ಕನ್ನಡ ಪಾಠ ಹೇಳಿದವನು. ಆದರೆ ಈ ಪ್ರಸಂಗದಲ್ಲಿ ರೋಗಕ್ಕಿಂತ ಹೆಚ್ಚಾಗಿ ಶಬ್ದಗಳೇ ಆ ಹುಡುಗಿಯನ್ನು ಕಾಡಿದುವೆಂದು ನನಗೆ ತೋರಿತು. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಶ್ರೋತೃಗಳ ಮುಂದೆ ಇಡುತ್ತಿದ್ದೇನೆ.

ಅವಳಿಗಿದ್ದುದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು, ಗಲ್ಲದ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಎಷ್ಟು ತಿಕ್ಕಿದರೂ ಹೋಗದ ಕಪ್ಪು. 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರಲ್ಲಿ ಇಂಥ ಸ್ಥಿತಿಯನ್ನು ಕಂಡು ಬರೆದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಸ್ತ್ರೀಯರಲ್ಲಿ 10ರಿಂದ 13 ಮಂದಿಗೆ ಇದು ಉಂಟು. ಮೊದಲ ತಪ್ಪು ಶಬ್ದ ಇಲ್ಲಿಯೇ ಇದೆ. ನಮ್ಮಲ್ಲಿ ಇದನ್ನು ‘ಒಳಗೆ ಗಂಟಾಗಿದೆ’ ಎನ್ನುತ್ತಾರೆ, ಕೇಳಿದವರು ಹೌಹಾರುತ್ತಾರೆ. ಅವು ಗಂಟುಗಳಲ್ಲ. ಅಂಡಾಣುವನ್ನು ಹೊತ್ತು, ಬಲಿಯದೆ ಅರ್ಧಕ್ಕೇ ನಿಂತ ಸಣ್ಣ ಸಣ್ಣ ಕೋಶಗಳು.

ಅವು ಏಕೆ ನಿಲ್ಲುತ್ತವೆ? ಉಂಡ ಅನ್ನದಿಂದ ರಕ್ತಕ್ಕೆ ಬಂದ ಸಕ್ಕರೆಯನ್ನು ಒಳಗೆ ಕರೆದುಕೊಳ್ಳಿರೆಂದು ಮೈಯ ಅಂಗಗಳಿಗೆ ಕೂಗಿ ಹೇಳುವ ರಸ ಇನ್ಸುಲಿನ್. ಮನೆಯೊಳಗಿನವರಿಗೆ ಕಿವಿ ಮಂದವಾದರೆ ಹೊರಗೆ ನಿಂತವನು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಹಾಗೆಯೇ ಸ್ನಾಯು, ಯಕೃತ್ತುಗಳು ಮಂದವಾಗಿ ಕೇಳಿಸಿಕೊಂಡಾಗ ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ನನ್ನು ಸುರಿಸುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ರಕ್ತದ ಸಕ್ಕರೆ ಆಗ ಸರಿಯಾಗಿಯೇ ಇರಬಹುದು. ಆದರೆ ನೆರೆಮನೆಯ ಅಂಡಾಶಯಕ್ಕೆ ಕಿವಿ ಚುರುಕಾಗಿಯೇ ಇರುತ್ತದೆ. ಆ ಕೂಗಿಗೆ ಅದು ಗಂಡುರಸಗಳನ್ನು ಮಿತಿಮೀರಿ ಮಾಡತೊಡಗುತ್ತದೆ. ಕೋಶಗಳು ಬಲಿಯವು, ಅಂಡಾಣು ಹೊರಬೀಳದು, ಮುಟ್ಟು ತಪ್ಪುತ್ತದೆ. ಎಲ್ಲರಲ್ಲಿಯೂ ಇದೊಂದೇ ಕಾರಣವಲ್ಲ. ತೆಳ್ಳಗಿರುವವರಿಗೂ ಈ ತೊಂದರೆ ಬರುವುದುಂಟು.

ಎರಡನೆಯ ತಪ್ಪು ಶಬ್ದ ‘ಸಕ್ಕರೆ ಗುಳಿಗೆ’. ಅದರ ಹೆಸರು ಮೆಟ್ಫಾರ್ಮಿನ್. ಯುರೋಪಿನ ಗೆಲೀಗಾ ಎಂಬ ಮೂಲಿಕೆಯ ಸತ್ವದ ಅಧ್ಯಯನವೇ ಅದರ ಮೂಲ. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಕ್ಕೆ ಬಳಸಿದ ವರದಿ ಪ್ರಕಟಿಸಿದರು. 1994ರಲ್ಲಿ ವೆನೆಜುವೆಲಾದ ವೈದ್ಯರು ಅಂಡಾಶಯದ ಈ ತೊಂದರೆಯಲ್ಲಿ ಅದರ ಪ್ರಯೋಜನವನ್ನು ತೋರಿಸಿದರು. ಅದು ಮಾಡುವ ಕೆಲಸ ಕಿವಿಯ ಮಂದತನವನ್ನು ಕಡಿಮೆ ಮಾಡುವುದು. ಕೂಗು ತಾನಾಗಿ ತಗ್ಗುತ್ತದೆ. ಒಂದೇ ಗುಳಿಗೆ ಎರಡು ರೋಗಗಳಿಗೆ ಸಲ್ಲಬಹುದು. ಕೊಡೆ ಹಿಡಿದವನನ್ನೆಲ್ಲ ಮಳೆಯಲ್ಲಿ ನೆನೆದವನೆನ್ನಲಾದೀತೆ?

ಗುಳಿಗೆಗೆ ತನ್ನದೇ ಶಿಸ್ತು ಉಂಟು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ಭೇದಿಯಾಗುವುದು ಸಾಮಾನ್ಯ. ಅದಕ್ಕೆಂದೇ ವೈದ್ಯರು ಸಾಧಾರಣವಾಗಿ 500 ಮಿಲಿಗ್ರಾಮಿನಿಂದ ತೊಡಗಿ ನಿಧಾನವಾಗಿ ಏರಿಸುತ್ತಾರೆ. ಊಟದೊಡನೆ ನುಂಗಲು ಹೇಳುತ್ತಾರೆ. ಮೂತ್ರಪಿಂಡ ಸರಿಯಿದೆಯೇ ಎಂದು ನೋಡಿಯೇ ಕೊಡುತ್ತಾರೆ. ತೀವ್ರ ವಾಂತಿಭೇದಿಯಾದಾಗ ಅವರನ್ನು ಕೇಳದೆ ಮುಂದುವರಿಸಬಾರದು. ಬಹುಕಾಲ ಸೇವಿಸಿದರೆ ಬಿ-12 ಜೀವಸತ್ವ ಕುಂದಬಹುದು. ನಮ್ಮ ಕಡೆಯ ಶಾಕಾಹಾರದ ಮನೆಗಳವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಂಡಾಣು ಮತ್ತೆ ಬಿಡುಗಡೆಯಾಗತೊಡಗುವುದರಿಂದ ವಿವಾಹಿತೆಯರಿಗೆ ಅನಿರೀಕ್ಷಿತವಾಗಿ ಬಸಿರು ನಿಲ್ಲಲೂಬಹುದು. ಮುಟ್ಟನ್ನು ಕ್ರಮಗೊಳಿಸಲು ಕೆಲವರಿಗೆ ಬಸಿರು ತಡೆಯುವ ಗುಳಿಗೆಯನ್ನೇ ಬರೆಯುವುದುಂಟು. ಅವಿವಾಹಿತೆಗೆ ಅದನ್ನು ಬರೆದರೆ ಯಾರೂ ಅಪಾರ್ಥ ಮಾಡಬಾರದು. ತಿಂಗಳುಗಟ್ಟಲೆ ಮುಟ್ಟಾಗದೆ ಗರ್ಭಾಶಯದ ಒಳಪದರ ದಪ್ಪವಾಗುತ್ತ ಹೋದರೆ ಮುಂದೆ ಅರ್ಬುದದ ಭಯವಿದೆ.

ಗುಳಿಗೆಯೊಂದೇ ಸಾಲದು, ನಡಿಗೆ ಬೇಕು, ಊಟದಲ್ಲಿ ಹಿತಮಿತ ಬೇಕು. ಅದಕ್ಕೆ ಪರದೇಶದ ಪಥ್ಯವೇನೂ ಬೇಕಿಲ್ಲ. ತೊಗರಿ, ಹೆಸರು, ಉದ್ದು ಬೆಳೆಯುವ ಜಿಲ್ಲೆ ನಮ್ಮದು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ ವರ್ಷಕ್ಕೊಂದು ದಿನಕ್ಕೆ ಮಾತ್ರ ಏಕೆ ಮೀಸಲಾಗಬೇಕು? ತಗ್ಗಿಸಬೇಕಾದುದು ದಿನಕ್ಕೆ ಐದಾರು ಬಾರಿ ಕುಡಿಯುವ ಚಹಾದ ಸಕ್ಕರೆಯನ್ನು.

ಇಷ್ಟನ್ನೂ ಕೇಳಿದ ತಂಗಿ ಬಹಳ ಹೊತ್ತು ಸುಮ್ಮನಿದ್ದಳು. “ಹಂಗಾದ್ರ ನಾನು ನಿಲ್ಲಿಸಿದ್ದು ತಪ್ಪಾಯ್ತಲ್ಲ ಅಣ್ಣಾ” ಎಂದಳು. ಮರುದಿನ ತಾಯಿ ಮಗಳು ವೈದ್ಯರನ್ನು ಕಂಡು ಬಂದರು. ಗುಳಿಗೆ ಮತ್ತೆ ಮೊದಲಾಯಿತು. ಔರಾದಿನ ಮಾತು ಏನಾಯಿತೆಂದು ನೀವು ಕೇಳಬಹುದು. ಅದು ಇನ್ನೂ ಮುಗಿದಿಲ್ಲ. ಎಲ್ಲವನ್ನೂ ಹೇಳಿಯೇ ಮುಂದುವರಿಯಬೇಕೆಂದು ಹುಡುಗಿ ಹಟ ಹಿಡಿದಿದ್ದಾಳೆ. “ಮಾಮಾ, ಮುಚ್ಚಿಟ್ಟು ನುಂಗಿದ್ರ ಒಂದಿನ ನುಂಗೋದೇ ಬಿಟ್ಟುಹೋಗ್ತದ” ಎಂದಳು. ಗುಳಿಗೆಯ ಪಟ್ಟಿ ಈಗ ಅವರ ಅಡುಗೆಮನೆಯಲ್ಲಿ, ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇದೆ.