ಲಂಡನ್ನಿನಲ್ಲಿ ಕಂಡ ಬಿದರಿ

ವಿದೇಶಕ್ಕೆ ಹೋದವರು ಅಲ್ಲಿನ ಕಲಾಸಂಗ್ರಹಾಲಯದಲ್ಲಿ ಒಂದು ದಿನವನ್ನಾದರೂ ಕಳೆಯಬೇಕೆಂಬುದು ನನ್ನ ಅಭಿಪ್ರಾಯ. ಅನ್ಯರ ಕಲೆಯನ್ನು ಅರಿಯುವುದಕ್ಕೆ ಮಾತ್ರವಲ್ಲ, ನಮ್ಮದನ್ನು ಗುರುತಿಸಿಕೊಳ್ಳುವುದಕ್ಕೂ ಅದು ಸಹಾಯಕ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ನಾನು ಕಳೆದ ದಿನವೇ ಇದಕ್ಕೆ ನಿದರ್ಶನ.

1851ರ ಮಹಾಪ್ರದರ್ಶನದ ಫಲವಾಗಿ 1852ರಲ್ಲಿ ಜನ್ಮ ತಾಳಿದ ಸಂಸ್ಥೆಯಿದು. ಈಸ್ಟ್ ಇಂಡಿಯಾ ಕಂಪನಿಯ ಸಂಗ್ರಹದಲ್ಲಿದ್ದ ಅನೇಕ ಭಾರತೀಯ ವಸ್ತುಗಳು 1879ರಲ್ಲಿ ಇದರ ಪಾಲಿಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿಯ ಮುಂದೆ ಜನಸಂದಣಿ ಇತ್ತು. ಅದನ್ನು ದಾಟಿದ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಹುಕ್ಕಾದ ಬುಡ. ಕಪ್ಪು ಮೈಯ ಮೇಲೆ ಬೆಳ್ಳಿಯ ಹೂಬಳ್ಳಿ. ಅದು ಬಿದರಿ ಕೆಲಸ. ಜಹೀರಾಬಾದಿಗೆ ನೆರೆಯೂರಾದ ಬೀದರಿನ ಹೆಸರನ್ನೇ ಹೊತ್ತ ಕಲೆ!

ಈ ಕಪ್ಪು ಬಣ್ಣ ಬಳಿದದ್ದಲ್ಲ. ಹೆಚ್ಚಿನ ಪಾಲು ಸತು, ಅಲ್ಪ ಪಾಲು ತಾಮ್ರ ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಗೆರೆ ಕಾಣುವಂತೆ ಮೈಲುತುತ್ತಿನ ನೀರು ಸವರಿ, ಚಿತ್ತಾರ ಬರೆದು, ಉಳಿಯಿಂದ ಕೊರೆಯುತ್ತಾರೆ. ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕಡೆಗೆ, ಪಾತ್ರೆಯನ್ನು ಕಾಯಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಸವರಿದೊಡನೆ ಎರಡೂ ಎದ್ದು ಕಾಣುತ್ತವೆ.

ಆ ಪಾತ್ರೆಯ ಮುಂದೆ ನನಗೆ ನಮ್ಮ ಸೀಮೆಯ ಚರಿತ್ರೆ ನೆನಪಾಯಿತು. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಅನಂತರ ಇವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಕಚೇರಿಯ ಭಾಷೆ ಬದಲಾಯಿತು, ಹಲವು ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಆದರೆ ಅಕ್ಷರ ಕಲಿಯದ ಮನೆಮಾತು ಎಷ್ಟು ತಲೆಮಾರು ಬಾಳೀತು? ಬೀದರಿನ ಹೆಸರನ್ನು ಕನ್ನಡದಲ್ಲಿ ಓದಲಾರದ ಮಗುವಿಗೆ ಈ ಕಲೆ ಲಂಡನ್ನಿನಲ್ಲಿರಲಿ, ಬೀದರಿನಲ್ಲೇ ಇರಲಿ, ಪರರ ಸೊತ್ತಾಗಿಯೇ ಕಂಡೀತು. ಈ ಗಡಿಯಲ್ಲಿ ಐವತ್ತು ವರ್ಷ ಕನ್ನಡ ಶಾಲೆ ನಡೆದುಬಂದುದರ ಬೆಲೆ ಇಲ್ಲಿದೆ.

ಇದನ್ನು ಕಾಣಲು ಎಲ್ಲರೂ ಲಂಡನ್ನಿಗೆ ಹೋಗಬೇಕಾಗಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಉತ್ತಮ ಬಿದರಿ ಸಂಗ್ರಹವಿದೆ. ಬೀದರಿನಲ್ಲಂತೂ ಈ ಕೆಲಸ ಇಂದಿಗೂ ನಡೆಯುತ್ತಿದೆ. ಅಲ್ಲಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ಬೆಳ್ಳಿಯನ್ನು ಆಳವಾಗಿ ಕೂರಿಸಿದರಷ್ಟೇ ಅದು ನಿಲ್ಲುತ್ತದೆಂಬುದನ್ನು ಅವರು ಕಣ್ಣಾರೆ ಕಾಣಲಿ. ಎಳವೆಯಲ್ಲಿ ಕಲಿಸಿದ ಅಕ್ಷರವೂ ಹಾಗೆಯೇ.